ಬ್ಯಾಸ್ಕೆಟ್‌ಬಾಲ್ ಆಟಗಾರ ಪಾಲ್ ಜಾರ್ಜ್ ಕಾಲು ಮುರಿಯಿತು. ನೇರಪ್ರಸಾರ ನೋಡುತ್ತಿದ್ದವರು ಯಾರಾದರೂ ಇದ್ದೀರಾ?

ಅರ್ಧ ಅಂಗಳ | ಆಗಸ್ಟ್ 2, 2014

ಕೈ ಇನ್ನೂ ನಡುಗುತ್ತಿದೆ. ಅಕ್ಷರ ತಪ್ಪಿದ್ದರೆ ಕ್ಷಮಿಸಿ.

ವಿಶ್ವಕಪ್‌ಗೆ ಮೊದಲು ಲಾಸ್ ವೇಗಸ್‌ನಲ್ಲಿ ಅಮೆರಿಕ ತಂಡದವರೇ ಎರಡು ಗುಂಪಾಗಿ ಆಡುತ್ತಿದ್ದ ಪಂದ್ಯ. ಗೆದ್ದರೂ ಒಂದೇ, ಸೋತರೂ ಒಂದೇ. ನಾಲ್ಕನೇ ಕ್ವಾರ್ಟರ್‌ನಲ್ಲಿ ಇನ್ನು 9 ನಿಮಿಷ 33 ಸೆಕೆಂಡ್ ಬಾಕಿ ಇತ್ತು. ಜೇಮ್ಸ್ ಹಾರ್ಡನ್ ಬ್ಯಾಸ್ಕೆಟ್ ಹತ್ತಿರದಿಂದಲೇ ಚೆಂಡು ಹಾಕಲು (ಲೇಅಪ್) ನುಗ್ಗಿದ. ಜಾರ್ಜ್ ಹಿಂದಿನಿಂದ ಓಡಿ ಬಂದು ಬ್ಲಾಕ್ ಮಾಡಲು ಹಾರಿದ. ಇಳಿಯುವಾಗ ಬಲಗಾಲು ಬ್ಯಾಸ್ಕೆಟ್ ಕಂಬದ ಬುಡಕ್ಕೆ ಸಿಕ್ಕಿತು. ಮೊಣಕಾಲಿನ ಕೆಳಗೆ, ಕಾಲು ಬಾಗಲೇಬಾರದ ಜಾಗದಲ್ಲಿ ಬಾಗಿತು.

ಅಷ್ಟಕ್ಕೇ ಕಣ್ಣು ಮುಚ್ಚಿಕೊಂಡೆ. ಆ ದೃಶ್ಯವನ್ನು ಇನ್ನೊಂದು ಸಲ ನೋಡುವುದಿಲ್ಲ. ದಯವಿಟ್ಟು ಯಾರೂ ಇಲ್ಲಿ ಫೋಟೋ ಹಾಕಬೇಡಿ.

ರೀಬೌಂಡ್ ರಾಣಿ | ಆಗಸ್ಟ್ 2, 2014

ನಾನೂ ನೋಡುತ್ತಿದ್ದೆ. ನನಗೆ ಕಾಲಿಗಿಂತ ಉಳಿದ ಆಟಗಾರರ ಮುಖವೇ ಕಣ್ಣಲ್ಲಿ ಉಳಿದಿದೆ. ಎಲ್ಲರೂ ಆರೂವರೆ ಅಡಿ ಆಳುಗಳು. ಒಬ್ಬೊಬ್ಬರೂ ಮುಖ ತಿರುಗಿಸಿಕೊಂಡು ನಿಂತಿದ್ದರು, ಕೆಲವರ ಕಣ್ಣಲ್ಲಿ ನೀರು. ಅಷ್ಟು ದೊಡ್ಡ ಕ್ರೀಡಾಂಗಣದಲ್ಲಿ ಪಿಟ್ ಅನ್ನುವ ಸದ್ದಿಲ್ಲ. ಅವನ ಅಪ್ಪ ಅಮ್ಮ ಅಲ್ಲೇ ಇದ್ದರು, ಅಂಗಳಕ್ಕೆ ಇಳಿದು ಬಂದರು. ಆಮೇಲೆ ಕೋಚ್ ಶಶೆವ್‌ಸ್ಕಿ ಮೈಕ್ ಹಿಡಿದು ಪಂದ್ಯ ಮುಂದುವರಿಸುವುದಿಲ್ಲ ಎಂದರು. ಯಾರೂ ಗಲಾಟೆ ಮಾಡಲಿಲ್ಲ. ಮಾಡುವ ಮನಸ್ಸಾದರೂ ಯಾರಿಗಿತ್ತು?

ಪೇಸರ್ಸ್ ಹುಚ್ಚ | ಆಗಸ್ಟ್ 2, 2014

ನಾನು ಎದ್ದದ್ದು ತಡ. ಫೋನ್ ತೆಗೆದರೆ 30 ಮೆಸೇಜ್. ಎಲ್ಲವೂ "ನೋಡಬೇಡ" ಅಂತಲೇ ಶುರು. ನೋಡಿಬಿಟ್ಟೆ.

ಈ ಹುಡುಗನನ್ನು ನಾವು, ಅಂದರೆ ಇಂಡಿಯಾನಾ ಪೇಸರ್ಸ್, 2010ರ ಡ್ರಾಫ್ಟ್‌ನಲ್ಲಿ (ಅಮೆರಿಕದ ಎನ್‌ಬಿಎ ಲೀಗ್ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದು) 10ನೆಯವನಾಗಿ ತೆಗೆದುಕೊಂಡೆವು. ಫ್ರೆಸ್ನೋ ಸ್ಟೇಟ್ ಎಂಬ ಕಾಲೇಜಿನಿಂದ ಬಂದವನು, ಯಾರಿಗೂ ಅಷ್ಟಾಗಿ ಗೊತ್ತಿರಲಿಲ್ಲ. 2013ರಲ್ಲಿ ಅತಿ ಹೆಚ್ಚು ಸುಧಾರಿಸಿದ ಆಟಗಾರ ಅಂತ ಪ್ರಶಸ್ತಿ ಬಂತು. ಕಳೆದ ಸೀಸನ್ 56 ಗೆಲುವು, ಲೀಗ್‌ನ ಪೂರ್ವ ವಿಭಾಗ ಈಸ್ಟ್‌ನಲ್ಲಿ ನಾವೇ ಮೊದಲು. ಆ ವಿಭಾಗದ ಫೈನಲ್‌ನಲ್ಲಿ ಮಿಯಾಮಿ ಮತ್ತೆ ಅಡ್ಡ ಬಂತು. ಅವರ ದೊಡ್ಡ ಆಟಗಾರ ಲೆಬ್ರಾನ್ ಜೇಮ್ಸ್ ಮಿಯಾಮಿ ಬಿಟ್ಟ ಸುದ್ದಿ ಬಂದಾಗ ನಾನು ಮನೆಯಲ್ಲಿ ಕುಣಿದಿದ್ದೆ. ದಾರಿ ಖಾಲಿಯಾಯಿತು ಅಂದುಕೊಂಡೆ. ಆಮೇಲೆ ನಮ್ಮ ಲ್ಯಾನ್ಸ್ ಸ್ಟೀಫನ್‌ಸನ್ ಷಾರ್ಲೆಟ್ ತಂಡಕ್ಕೆ ಹೋದ. ಈಗ ಇದು.

ಕುಣಿದದ್ದೇ ತಪ್ಪಾಯಿತೇನೋ.

ನೀಲಿ ಜೆರ್ಸಿ | ಆಗಸ್ಟ್ 2, 2014

ಕಟುವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮುಗಿಯಿತು. ಮೂಳೆ ಚರ್ಮ ಸೀಳಿ ಹೊರಗೆ ಬಂದಿದೆ. ವಾಪಸ್ ಬರಬಹುದು, ಆದರೆ ಹಳೇ ಪಾಲ್ ಜಾರ್ಜ್ ಬರುವುದಿಲ್ಲ. ಅವನ ಆಟವೆಲ್ಲ ಆ ಕಾಲುಗಳ ಮೇಲೆಯೇ ನಿಂತಿತ್ತು. ಇನ್ನು ಮೂಲೆಯಲ್ಲಿ ನಿಂತು ಮೂರು ಪಾಯಿಂಟ್ ಶಾಟ್ ಹೊಡೆಯುವವನಾಗುತ್ತಾನೆ ಅಷ್ಟೇ.

ಪೇಸರ್ಸ್ ಹುಚ್ಚ | ಆಗಸ್ಟ್ 2, 2014

ಗುರು, ಒಂದು ದಿನ ಸುಮ್ನೆ ಇರಬಾರದಾ?

ಮೂಳೆ ಮಾತು | ಆಗಸ್ಟ್ 2, 2014

ನಾನು ಮೂಳೆ ವಿಭಾಗದಲ್ಲಿ ಕೆಲಸ ಮಾಡುವವನು. ಅವನ ಎಕ್ಸ್‌ರೇ ನಾನು ನೋಡಿಲ್ಲ, ಹಾಗಾಗಿ ಅವನ ಭವಿಷ್ಯ ಹೇಳುವುದಿಲ್ಲ. ಇಂಥ ಗಾಯದ ಬಗ್ಗೆ ಮಾತ್ರ ಹೇಳುತ್ತೇನೆ.

ಮೊಣಕಾಲಿನ ಕೆಳಗೆ ಎರಡು ಮೂಳೆ. ಮುಂದೆ ಇರುವ ದಪ್ಪನೆಯದು ಟಿಬಿಯಾ, ಮೈಭಾರದ ಬಹುಪಾಲು ಅದರ ಮೇಲೆ. ಪಕ್ಕದ ತೆಳುವಾದದ್ದು ಫಿಬುಲಾ. ಅವನಿಗೆ ಎರಡೂ ಮುರಿದಿವೆ. ನಿಮ್ಮ ಕಾಲಿನ ಮುಂಭಾಗ ಮುಟ್ಟಿ ನೋಡಿ, ಚರ್ಮದ ಕೆಳಗೆ ನೇರವಾಗಿ ಮೂಳೆಯೇ ಸಿಗುತ್ತದೆ. ನಡುವೆ ಮಾಂಸವೇ ಇಲ್ಲ. ಟಿಬಿಯಾ ಮುರಿದಾಗ ಸುಲಭವಾಗಿ ಚರ್ಮ ಹರಿದು ಹೊರಬರುವುದು ಅದಕ್ಕೇ. ಗುಣವಾಗಲು ತಡವಾಗುವುದೂ ಅದಕ್ಕೇ. ಮುಂಭಾಗದಲ್ಲಿ ಮಾಂಸವಿಲ್ಲ ಎಂದರೆ ರಕ್ತ ಪೂರೈಕೆಯೂ ಕಡಿಮೆ.

ಹೊರಬಂದ ಮೂಳೆಗೆ ಮೊದಲ ಶತ್ರು ಸೋಂಕು. ಬೇಗ ಆಂಟಿಬಯೋಟಿಕ್ ಕೊಡಬೇಕು, ಗಾಯ ಚೆನ್ನಾಗಿ ತೊಳೆಯಬೇಕು. ಅದೇ ರಾತ್ರಿ ಆಪರೇಷನ್ ಮಾಡಿದ್ದಾರೆ ಎಂಬುದು ಒಳ್ಳೆಯ ಸುದ್ದಿ. ಇಂಥ ಕಡೆ ಸಾಮಾನ್ಯವಾಗಿ ಮೂಳೆಯ ಒಳಗಿನ ಟೊಳ್ಳಿನಲ್ಲಿ ಉದ್ದಕ್ಕೂ ಒಂದು ರಾಡ್ ಇಳಿಸಿ, ಮೇಲೆ ಕೆಳಗೆ ಸ್ಕ್ರೂ ಹಾಕುತ್ತೇವೆ. ರಾಡ್ ಮೂಳೆಯನ್ನು ಕೂಡಿಸುವುದಿಲ್ಲ, ಅಲ್ಲಾಡದಂತೆ ಹಿಡಿದುಕೊಳ್ಳುತ್ತದೆ ಅಷ್ಟೇ. ಕೂಡಿಕೊಳ್ಳುವ ಕೆಲಸ ಮೂಳೆಯದೇ. ಚರ್ಮ ಹರಿಯದಿದ್ದರೂ ನಾಲ್ಕರಿಂದ ಆರು ತಿಂಗಳು ಬೇಕು. ಹರಿದರೆ ಇನ್ನೂ ಜಾಸ್ತಿ.

ನೀಲಿ ಜೆರ್ಸಿ ಅವರೇ, ಒಂದು ಮಾತು. ನೋಡಲು ಭಯಂಕರವಾಗಿರುವ ಗಾಯವೇ ಆಟ ಮುಗಿಸುವ ಗಾಯ ಆಗಬೇಕಿಲ್ಲ. ಮೂಳೆಯ ನಡುಭಾಗ ಮುರಿದು, ಮೊಣಕಾಲು, ಪಾದದ ಕೀಲು ಉಳಿದಿದ್ದರೆ ಆಟಗಾರನ ಮಟ್ಟಿಗೆ ಅದು ಅದೃಷ್ಟವೇ. ಮೂಳೆ ಮತ್ತೆ ಮೂಳೆಯಾಗಿಯೇ ಬೆಳೆಯುತ್ತದೆ. ಕೀಲಿನೊಳಗಿನ ಮೆತ್ತನೆಯ ಪದರ ಸವೆದರೆ ಹಾಗೆ ಬೆಳೆಯುವುದಿಲ್ಲ. ಕಣ್ಣಿಗೆ ಏನೂ ಕಾಣದ ಮೊಣಕಾಲಿನ ಗಾಯ ಎಷ್ಟು ಜನರ ಆಟ ಮುಗಿಸಿಲ್ಲ?

ಬೆಂಚ್ ನಂ. 12 | ಆಗಸ್ಟ್ 2, 2014

ಶಿಕಾಗೋದ ಡೆರಿಕ್ ರೋಸ್ ನಿನ್ನೆ ಅದೇ ಅಂಗಳದಲ್ಲಿದ್ದ, ಅಲ್ವಾ? ಎರಡು ವರ್ಷದ ಮೊಣಕಾಲಿನ ಗೋಳು ಮುಗಿಸಿ ಬಂದವನು. ಅವನಿಗೆ ಅದನ್ನು ನೋಡಿ ಏನನ್ನಿಸಿರಬೇಕು...

ಹಿಮ್ಮಡಿ | ಆಗಸ್ಟ್ 3, 2014

ನಾನು ದೊಡ್ಡ ಆಟಗಾರ ಅಲ್ಲ. ಆದರೆ ನನ್ನ ಟಿಬಿಯಾ ಕೂಡ ಆಡುವಾಗಲೇ ಮುರಿದದ್ದು. ಒಳಗೆ ರಾಡ್ ಇನ್ನೂ ಇದೆ.

ನೋವು ಯಾರಿಗೆ ಹೇಳಿದರೂ ಅರ್ಥವಾಗುತ್ತದೆ. ಹೇಳಿದರೂ ಅರ್ಥವಾಗದ್ದು ಆಮೇಲೆ ಬರುತ್ತದೆ. ಒಂದು, ಕಾಲು ತೆಳ್ಳಗಾಗುವುದು. ಬ್ಯಾಂಡೇಜ್ ಬಿಚ್ಚಿದ ದಿನ ಮೀನಖಂಡ ನೋಡಿ ಇದು ಬೇರೆ ಯಾರದೋ ಕಾಲು ಅನ್ನಿಸಿತು. ಎರಡು, ನಂಬಿಕೆ. ಡಾಕ್ಟರು ಎಕ್ಸ್‌ರೇ ತೋರಿಸಿ ಮೂಳೆ ಕೂಡಿದೆ, ಭಾರ ಹಾಕಿ ಎಂದರು. ತಲೆ ಒಪ್ಪಿತು, ಕಾಲು ಒಪ್ಪಲಿಲ್ಲ. ಮೆಟ್ಟಿಲು ಹತ್ತುವುದು ಬೇಗ ಬಂತು. ಇಳಿಯುವುದು ತಿಂಗಳುಗಟ್ಟಲೆ ಬರಲಿಲ್ಲ. ಅವನು ಬಿದ್ದದ್ದೂ ಇಳಿಯುವಾಗಲೇ. ಅವನು ಹಾರುತ್ತಾನಾ ಅಂತ ನೀವೆಲ್ಲ ನೋಡುತ್ತೀರಿ. ನಾನು ಹೇಗೆ ಇಳಿಯುತ್ತಾನೆ ಅಂತ ನೋಡುತ್ತೇನೆ.

ನೀಲಿ ಜೆರ್ಸಿ | ಆಗಸ್ಟ್ 3, 2014

ಸರಿ ಡಾಕ್ಟ್ರೇ, ಕಾಲಿನ ವಿಷಯ ನಿಮಗೇ ಬಿಟ್ಟೆ. ಆದರೆ ಇದು ನಡೆಯಬೇಕಿತ್ತಾ? ಸಂಬಳ ಕೊಡುವುದು ಪೇಸರ್ಸ್. 5 ವರ್ಷದ ದೊಡ್ಡ ಒಪ್ಪಂದ ಶುರುವಾಗುವುದೇ ಈ ಸೀಸನ್‌ನಿಂದ. ಕಾಲು ಮುರಿದದ್ದು ಬೇರೆ ಯಾರದೋ ಪ್ರದರ್ಶನ ಪಂದ್ಯದಲ್ಲಿ. ಡಲ್ಲಾಸ್ ಮ್ಯಾವೆರಿಕ್ಸ್ ತಂಡದ ಮಾಲೀಕ ಮಾರ್ಕ್ ಕ್ಯೂಬನ್ ಬಹಳ ದಿನದಿಂದ ಇದನ್ನೇ ಹೇಳುತ್ತಿದ್ದಾರೆ. ಅಪಾಯವೆಲ್ಲ ಕ್ಲಬ್‌ಗೆ, ದುಡ್ಡು ಮಾತ್ರ ಆ ವಿಶ್ವಕಪ್ ಟೂರ್ನಿ ನಡೆಸುವವರಿಗೆ.

ಹಳೇ ಸ್ಕೋರ್‌ಬುಕ್ | ಆಗಸ್ಟ್ 3, 2014

ಕ್ಯೂಬನ್ ಲೆಕ್ಕ ದುಡ್ಡಿನ ಮಟ್ಟಿಗೆ ಸರಿ. ಆದರೆ ಇದೇ ರೋಸ್ ಮೊಣಕಾಲು ಹೋದದ್ದು ಎಲ್ಲಿ? 2012ರ ಪ್ಲೇಆಫ್‌ನಲ್ಲಿ (ಸೀಸನ್ ಕೊನೆಯ ನಾಕೌಟ್ ಹಂತ), ಶಿಕಾಗೋ ಜೆರ್ಸಿ ಹಾಕಿಕೊಂಡೇ. ಬೇಸಿಗೆಯಲ್ಲಿ ಈ ಹುಡುಗರು ಮನೆಯಲ್ಲಿ ಕೂರುವುದಿಲ್ಲ, ಎಲ್ಲಾದರೂ ಆಡುತ್ತಲೇ ಇರುತ್ತಾರೆ. ಲ್ಯಾರಿ ಬರ್ಡ್ ಪೇಸರ್ಸ್ ಅಧ್ಯಕ್ಷರು, ಎಲ್ಲರಿಗಿಂತ ಜಾಸ್ತಿ ಕಳೆದುಕೊಂಡವರು ಅವರೇ. ಅವರೂ ರಾಷ್ಟ್ರೀಯ ತಂಡದ ಮೇಲೆ ಹರಿಹಾಯ್ದಿಲ್ಲ.

ನನ್ನ ಸಿಟ್ಟೆಲ್ಲ ಆ ಕಂಬದ ಮೇಲೆ. ಅಂತರರಾಷ್ಟ್ರೀಯ ನಿಯಮದಲ್ಲಿ ಕಂಬದ ಬುಡ ಅಂಗಳದ ತುದಿಯ ಗೆರೆಯಿಂದ ಕನಿಷ್ಠ 2 ಮೀಟರ್ ಹಿಂದೆ ಇರಬೇಕು, ಮೆತ್ತೆ ಸುತ್ತಿರಬೇಕು. ಮೆತ್ತೆ ತಲೆ, ಮೈಯನ್ನು ಕಾಪಾಡುತ್ತದೆ, ಸರಿ. ಆದರೆ ವೇಗವಾಗಿ ಓಡಿ ಬಂದು ಹಾರಿದವನು ಗೆರೆ ದಾಟಿ ಎಲ್ಲಿ ಇಳಿಯುತ್ತಾನೆ ಎಂಬುದು ಅವನ ಕೈಯಲ್ಲಿ ಇರುವುದಿಲ್ಲ. ವೇಗಸ್‌ನ ಕಂಬ ಎನ್‌ಬಿಎ ಅಂಗಳಗಳಿಗಿಂತ ಹತ್ತಿರ ಇತ್ತು ಅಂತ ಎಲ್ಲ ಕಡೆ ಮಾತು ನಡೆದಿದೆ. ಟೇಪ್ ಹಿಡಿದು ಅಳೆದರೆ ಮುಗಿಯುವ ವಿಷಯ ಇದು. ದೇಶಭಕ್ತಿ, ದುಡ್ಡು ಎಲ್ಲ ಆಮೇಲೆ ಮಾತಾಡಬಹುದು.

ರೀಬೌಂಡ್ ರಾಣಿ | ಆಗಸ್ಟ್ 3, 2014

ಕೆವಿನ್ ವೇರ್ ನೆನಪಾಗಲಿಲ್ಲವಾ ಯಾರಿಗೂ? 2013ರ ಮಾರ್ಚ್ 31, ಲೂಯಿವಿಲ್ ಮತ್ತು ಡ್ಯೂಕ್ ಕಾಲೇಜು ಪಂದ್ಯ. ಮೂರು ಪಾಯಿಂಟ್ ಶಾಟ್ ತಡೆಯಲು ಹಾರಿ ಇಳಿದ, ಹೆಚ್ಚುಕಡಿಮೆ ಇದೇ ಗಾಯ. ಅಲ್ಲಿ ಕಂಬವೂ ಇರಲಿಲ್ಲ, ಬರೀ ಇಳಿದದ್ದು. ಆ ಪಂದ್ಯ ನಡೆದದ್ದು ಇಂಡಿಯಾನಾಪೊಲಿಸ್‌ನಲ್ಲಿ, ಪೇಸರ್ಸ್ ಊರಲ್ಲೇ! ವೇರ್ ಏಳು ತಿಂಗಳಲ್ಲಿ ಅಭ್ಯಾಸ ಪಂದ್ಯಕ್ಕೆ ಇಳಿದ. ಆದರೆ ಅದೇ ಕಾಲಿಗೆ ಮತ್ತೆ ಏಟು ಬಿದ್ದು ಆ ಸೀಸನ್ ಅಲ್ಲಿಗೇ ನಿಂತಿತು.

ಬೆಂಚ್ ನಂ. 12 | ಆಗಸ್ಟ್ 8, 2014

ಕೆವಿನ್ ಡ್ಯುರಾಂಟ್ ಅಮೆರಿಕ ತಂಡ ಬಿಟ್ಟ. ದಣಿದಿದ್ದೇನೆ ಅಂತ ಕಾರಣ ಕೊಟ್ಟಿದ್ದಾನೆ. ಒಂದು ವಾರವೂ ಆಗಿಲ್ಲ. ಅರ್ಥವಾಗುತ್ತದೆ ಬಿಡಿ.

ಹಳೇ ಸ್ಕೋರ್‌ಬುಕ್ | ಸೆಪ್ಟೆಂಬರ್ 15, 2014

ಇಲ್ಲೇ ಬರೆದಿಡುತ್ತೇನೆ: ಮ್ಯಾಡ್ರಿಡ್‌ನ ವಿಶ್ವಕಪ್ ಫೈನಲ್‌ನಲ್ಲಿ ಅಮೆರಿಕ 129, ಸರ್ಬಿಯಾ 92. ಜಾರ್ಜ್ ಇಲ್ಲದೆ, ಡ್ಯುರಾಂಟ್ ಇಲ್ಲದೆ. ನೋಡಿ ಖುಷಿಯಾಗಬೇಕಿತ್ತು. ಯಾಕೋ ಬೇಸರವೇ ಆಯಿತು.

ಪೇಸರ್ಸ್ ಹುಚ್ಚ | ಡಿಸೆಂಬರ್ 9, 2014

ಯಾರೂ ಇತ್ತ ಬರುತ್ತಿಲ್ಲ. ತಂಡ ಸೋಲುತ್ತಿದೆ, ಅದಕ್ಕೇ ಇರಬೇಕು. ನಾನು ಮಾತ್ರ ಪಂದ್ಯಕ್ಕಿಂತ ಮೊದಲು ಬರುವ ಆ ಚಿಕ್ಕ ವಿಡಿಯೋಗಳನ್ನು ಹುಡುಕಿಕೊಂಡು ಕೂರುತ್ತೇನೆ. ಜಾರ್ಜ್ ನಿಂತಲ್ಲೇ ನಿಂತು ಶಾಟ್ ಹೊಡೆಯುತ್ತಾನೆ. ಹಾರುವುದಿಲ್ಲ. ಕೈ ಮಾತ್ರ ಹಾಗೇ ಇದೆ, ಅದೇ ನಯ.

ಡಾಕ್ಟ್ರೇ, ಹಾರಲು ಯಾಕೆ ಬಿಡುತ್ತಿಲ್ಲ? ನಾಲ್ಕು ತಿಂಗಳಾಯಿತಲ್ಲ.

ಮೂಳೆ ಮಾತು | ಡಿಸೆಂಬರ್ 10, 2014

ಮುರಿದ ಜಾಗದಲ್ಲಿ ಮೊದಲು ಮೆತ್ತನೆಯ ಗಂಟಿನಂಥದ್ದು ಕಟ್ಟಿಕೊಳ್ಳುತ್ತದೆ. ಮೆಲ್ಲಗೆ ಅದು ಗಟ್ಟಿ ಮೂಳೆಯಾಗುತ್ತದೆ. ಆಮೇಲೆ ದೇಹ ಅದನ್ನು ಕೆತ್ತಿ ಹಳೇ ಆಕಾರಕ್ಕೆ ತರುತ್ತದೆ. ಈ ಕೊನೆಯ ಕೆಲಸಕ್ಕೆ ವರ್ಷಗಳೇ ಬೇಕು. ಮೂಳೆಗೆ ಒಂದು ಗುಣ ಇದೆ, ಭಾರ ಬಿದ್ದಷ್ಟೂ ಗಟ್ಟಿಯಾಗುತ್ತದೆ. ಹಾಗಾಗಿ ಭಾರ ಹಾಕಲೇಬೇಕು, ಆದರೆ ಸ್ವಲ್ಪ ಸ್ವಲ್ಪವಾಗಿ. ಮೊದಲು ನೀರಿನಲ್ಲಿ ನಡಿಗೆ, ಆಮೇಲೆ ನೆಲದ ಮೇಲೆ. ನಂತರ ಓಟ, ಹಾರುವುದು, ಓಡುತ್ತಾ ತಟ್ಟನೆ ದಿಕ್ಕು ಬದಲಿಸುವುದು. ಕೊನೆಗೆ ಎದುರಾಳಿ ಮೈಮೇಲೆ ಬೀಳುವುದು! ಅಭ್ಯಾಸದಲ್ಲಿ ಇದೊಂದನ್ನು ಸರಿಯಾಗಿ ಕಲಿಸಲು ಆಗುವುದಿಲ್ಲ.

ನೀಲಿ ಜೆರ್ಸಿ | ಮಾರ್ಚ್ 24, 2015

ಜಾರ್ಜ್ ಫೆಬ್ರವರಿ ಕೊನೆಯಿಂದ ತಂಡದ ಜೊತೆ ಅಭ್ಯಾಸ ಮಾಡುತ್ತಿದ್ದಾನೆ, ಒಪ್ಪಿದೆ. ಆದರೆ ಈ ಸೀಸನ್‌ನಲ್ಲೇ ಇಳಿಸುವುದು ಹುಚ್ಚುತನ. ಪ್ಲೇಆಫ್‌ನ ಕೊನೆಯ ಸ್ಥಾನ, ಎಂಟನೆಯದಕ್ಕೆ ತೂಗಾಡುತ್ತಿರುವ ತಂಡ. ಹತ್ತಿದರೂ ಮೊದಲ ಸುತ್ತಿನಲ್ಲೇ ಹೊರಗೆ. ಅದಕ್ಕೋಸ್ಕರ ಮುರಿದು ಎಂಟು ತಿಂಗಳಾದ ಕಾಲನ್ನು ಪಣಕ್ಕಿಡುತ್ತೀರಾ?

ಹಳೇ ಸ್ಕೋರ್‌ಬುಕ್ | ಮಾರ್ಚ್ 24, 2015

1985-86ರಲ್ಲಿ ಶಿಕಾಗೋದವರು ಮೈಕಲ್ ಜೋರ್ಡನ್‌ಗೆ ಇದೇ ಮಾತು ಹೇಳಿದ್ದರು. ಪಾದದ ಮೂಳೆ ಮುರಿದು 64 ಪಂದ್ಯ ತಪ್ಪಿಸಿಕೊಂಡಿದ್ದ. ಈ ವರ್ಷ ಬೇಡ, ಕೂತಿರು ಎಂದರು. ಅವನು ಕೇಳಲಿಲ್ಲ. ಇಷ್ಟೇ ನಿಮಿಷ ಆಡಬೇಕು ಅಂತ ಮಿತಿ ಹಾಕಿ ಇಳಿಸಿದರು. ಏಪ್ರಿಲ್ 20ರಂದು ಬಾಸ್ಟನ್ ಎದುರು ಪ್ಲೇಆಫ್‌ನಲ್ಲಿ 63 ಪಾಯಿಂಟ್ ಹೊಡೆದ. ಶಿಕಾಗೋ ಆ ಸರಣಿಯಲ್ಲಿ ಒಂದೂ ಗೆಲ್ಲಲಿಲ್ಲ, ನಿಜ. ಆ 63 ಯಾರಿಗೆ ಮರೆತಿದೆ ಹೇಳಿ?

ನೀಲಿ ಜೆರ್ಸಿ | ಮಾರ್ಚ್ 24, 2015

ಎಲ್ಲದಕ್ಕೂ ಜೋರ್ಡನ್ ಉದಾಹರಣೆ ತರುವುದನ್ನು ಕಾನೂನಿನಲ್ಲೇ ನಿಷೇಧಿಸಬೇಕು ಸಾರ್.

ಹಿಮ್ಮಡಿ | ಮಾರ್ಚ್ 25, 2015

ಬೇಸಿಗೆ ಪೂರ್ತಿ "ನಾನು ಇನ್ನೂ ಆಡಬಲ್ಲೆನಾ" ಅಂತ ಯೋಚಿಸುತ್ತಾ ಕೂರುವುದಕ್ಕಿಂತ, ನಾಲ್ಕು ಪಂದ್ಯ ಆಡಿ ರಜಾ ತೆಗೆದುಕೊಳ್ಳುವುದು ವಾಸಿ. ಡಾಕ್ಟರು ಒಪ್ಪಿದ್ದರೆ ಇಳಿಯಲಿ. ಆ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡು ನಾನು ಒಂದು ವರ್ಷ ಕಳೆದಿದ್ದೇನೆ, ನಿದ್ದೆ ಬರುವುದಿಲ್ಲ.

ಪೇಸರ್ಸ್ ಹುಚ್ಚ | ಏಪ್ರಿಲ್ 6, 2015

ಬಂದಾ!!!!

ಎದುರಾಳಿ ಯಾರು ಗೊತ್ತಾ? ಮಿಯಾಮಿಯೇ. ಬೆಂಚಿನಿಂದ ಎದ್ದು ಬಂದಾಗ ಇಡೀ ಸಭಾಂಗಣ ಎದ್ದು ನಿಂತಿತು. ನಾನೂ ಇಲ್ಲಿ ಕುರ್ಚಿ ಬಿಟ್ಟು ಎದ್ದು ನಿಂತೆ, ಮನೆಯವರು ಇವನಿಗೇನಾಯಿತು ಅಂತ ನೋಡಿದರು. 15 ನಿಮಿಷ, 13 ಪಾಯಿಂಟ್. 112-89ರಿಂದ ಗೆದ್ದೆವು. ಬೆನ್ನ ಮೇಲಿನ ನಂಬರ್ ನೋಡಿದಿರಾ? 24 ಹೋಗಿ 13 ಆಗಿದೆ. ಕಾಲು ಮುರಿಯುವ ಮೊದಲೇ ಬದಲಿಸಲು ಕೇಳಿದ್ದನಂತೆ. ಹೊಸ ನಂಬರ್ ಹಾಕಿಕೊಳ್ಳಲು ಎಂಟು ತಿಂಗಳು ಕಾಯಬೇಕಾಯಿತು. ಮೊದಲ ದಿನವೇ 13ಕ್ಕೆ 13!

ಅರ್ಧ ಅಂಗಳ | ಏಪ್ರಿಲ್ 6, 2015

ಅವನು ಬ್ಯಾಸ್ಕೆಟ್ ಕಡೆ ನುಗ್ಗಿದಾಗಲೆಲ್ಲ ನಾನು ಕಂಬವನ್ನೇ ನೋಡುತ್ತಿದ್ದೆ. ಚೆಂಡು ಒಳಗೆ ಹೋಯಿತಾ ಇಲ್ಲವಾ ಅಂತ ಜನರ ಕೂಗಿನಿಂದ ತಿಳಿಯಬೇಕಿತ್ತು.

ಹಿಮ್ಮಡಿ | ಏಪ್ರಿಲ್ 6, 2015

ಇಳಿಯುವುದನ್ನು ನೋಡಿದೆ. ಮೊದಲ ಒಂದೆರಡು ಸಲ ಎಡಗಾಲು ಮುಂಚೆ ನೆಲ ಮುಟ್ಟಿದಂತೆ ನನಗೆ ಕಂಡಿತು. ಆಮೇಲೆ ಎರಡೂ ಒಟ್ಟಿಗೆ. ನನಗೇ ಹಾಗೆ ಕಂಡಿತೋ ಏನೋ. ಇರಲಿ, ನನಗೆ ಅಷ್ಟು ಸಾಕು.

ಬೆಂಚ್ ನಂ. 12 | ಏಪ್ರಿಲ್ 16, 2015

ಮೆಂಫಿಸ್‌ನಲ್ಲಿ ಸೋಲು. 38 ಗೆಲುವು, 44 ಸೋಲು, ಸೀಸನ್ ಮುಗಿಯಿತು. ಬ್ರೂಕ್ಲಿನ್ ಕೂಡ 38-44. ಟೈಬ್ರೇಕರ್‌ನಲ್ಲಿ ಅವರು ಪ್ಲೇಆಫ್‌ಗೆ, ನಾವು ಮನೆಗೆ. ಅದೂ ಸಾಲದು ಅಂತ ಜಾರ್ಜ್ ಮೀನಖಂಡ ಹಿಡಿದುಕೊಂಡು ಹೊರಗೆ ಬಂದ. ನನ್ನ ಎದೆ ಬಾಯಿಗೆ ಬಂತು. ನೋಡಿದರೆ ಎಡಗಾಲು!

ಮೂಳೆ ಮಾತು | ಏಪ್ರಿಲ್ 16, 2015

ದೊಡ್ಡದೇನೂ ಅಲ್ಲ ಅನ್ನಿಸುತ್ತದೆ. ಒಂದು ಕಾಲನ್ನು ಜೋಪಾನ ಮಾಡುವಾಗ ಇನ್ನೊಂದು ಕಾಲು ಅದರ ಪಾಲಿನ ಕೆಲಸವನ್ನೂ ಹೊರುತ್ತದೆ. ನಾವು ಬಹಳ ನೋಡುತ್ತೇವೆ.

ಹಳೇ ಸ್ಕೋರ್‌ಬುಕ್ | ಫೆಬ್ರವರಿ 15, 2016

ಈ ಎಳೆಯನ್ನು ಮತ್ತೆ ಮೇಲಕ್ಕೆ ತರುತ್ತಿದ್ದೇನೆ. ಟೊರಾಂಟೊದಲ್ಲಿ ಲೀಗ್‌ನ ತಾರೆಯರ ಪ್ರದರ್ಶನ ಪಂದ್ಯ, ಆಲ್‌ಸ್ಟಾರ್, ನೋಡಿದಿರಾ? ಜಾರ್ಜ್‌ಗೆ 41 ಪಾಯಿಂಟ್, ಮೂರು ಪಾಯಿಂಟ್ ಶಾಟ್‌ಗಳೇ 9. ವಿಲ್ಟ್ ಚೇಂಬರ್ಲೇನ್ 1962ರಲ್ಲಿ ಹೊಡೆದ 42ಕ್ಕೆ ಒಂದೇ ಒಂದು ಕಡಿಮೆ. ಆಲ್‌ಸ್ಟಾರ್‌ನಲ್ಲಿ ಯಾರೂ ಡಿಫೆನ್ಸ್ ಮಾಡುವುದಿಲ್ಲ, ಗೊತ್ತು. ಅದಕ್ಕೇ ಡಿಸೆಂಬರ್ ನೆನಪಿಸುತ್ತೇನೆ: ಯೂಟಾ ಎದುರು 48. ಅಲ್ಲಿ ಡಿಫೆನ್ಸ್ ಇತ್ತು.

ಪೇಸರ್ಸ್ ಹುಚ್ಚ | ಫೆಬ್ರವರಿ 15, 2016

ನೀಲಿ ಜೆರ್ಸಿ ಎಲ್ಲಿ? ಮೂಲೆಯಲ್ಲಿ ನಿಂತು ಮೂರು ಪಾಯಿಂಟ್ ಹೊಡೆಯುವವನಾಗುತ್ತಾನೆ ಅಂದಿರಲ್ಲ?

ನೀಲಿ ಜೆರ್ಸಿ | ಫೆಬ್ರವರಿ 15, 2016

9 ಹೊಡೆದ ತಾನೇ? ಹೇಳಿದ್ದು ನಿಜವಾಯಿತು.

(ಸರಿ, ತಪ್ಪಾಯಿತು. ಒಪ್ಪಿಕೊಂಡೆ.)

ರೀಬೌಂಡ್ ರಾಣಿ | ಆಗಸ್ಟ್ 22, 2016

ರಿಯೋ ಒಲಿಂಪಿಕ್ಸ್, ಚಿನ್ನದ ಪದಕ, ಮತ್ತೆ ಸರ್ಬಿಯಾ ಎದುರೇ, 96-66. ಕೋಚ್ ಅದೇ ಶಶೆವ್‌ಸ್ಕಿ. ಜುಲೈನಲ್ಲಿ ಅಭ್ಯಾಸ ಪಂದ್ಯ ಆಡಿದ್ದು ಎಲ್ಲಿ ಅಂದುಕೊಂಡಿರಿ? ಲಾಸ್ ವೇಗಸ್. ಅಂಗಳ ಬೇರೆ, ಊರು ಅದೇ. ಮಾರ್ಕ್ ಕ್ಯೂಬನ್ ಲೆಕ್ಕದಲ್ಲಿ ಜಾರ್ಜ್ ಅಮೆರಿಕ ತಂಡದ ಜೆರ್ಸಿ ಕಂಡರೆ ಓಡಿ ಹೋಗಬೇಕಿತ್ತು. ಕೇಳಿ ಹಾಕಿಕೊಂಡ.

ಅರ್ಧ ಅಂಗಳ | ಅಕ್ಟೋಬರ್ 18, 2017

ಮತ್ತೆ ಕೈ ನಡುಗುತ್ತಿದೆ. ಗಾರ್ಡನ್ ಹೇವರ್ಡ್. ಬಾಸ್ಟನ್ ಪರ ಮೊದಲ ಪಂದ್ಯ, ಮೊದಲ ಕ್ವಾರ್ಟರ್, ಕ್ಲೀವ್‌ಲ್ಯಾಂಡ್‌ನಲ್ಲಿ. ಹಾರಿ ಇಳಿದಾಗ ಎಡ ಪಾದ ಪೂರ್ತಿ ತಿರುಗಿತ್ತು. ಮೂರು ವರ್ಷದಿಂದ ಆ ವೇಗಸ್ ದೃಶ್ಯದಿಂದ ತಪ್ಪಿಸಿಕೊಂಡಿದ್ದೆ. ಇದು ನೇರವಾಗಿ ಕಣ್ಣಿಗೇ ಬಿತ್ತು.

ಹಳೇ ಸ್ಕೋರ್‌ಬುಕ್ | ಅಕ್ಟೋಬರ್ 18, 2017

2010ರ ಡ್ರಾಫ್ಟ್ ಪಟ್ಟಿ ತೆಗೆದು ನೋಡಿ. 9ನೆಯವನು ಹೇವರ್ಡ್, 10ನೆಯವನು ಜಾರ್ಜ್. ಅಕ್ಕಪಕ್ಕ. ಇಂಥದ್ದನ್ನೆಲ್ಲ ನಾನು ನಂಬುವುದಿಲ್ಲ. ಆದರೂ ಪುಸ್ತಕ ಮುಚ್ಚಿಟ್ಟೆ.

ಪೇಸರ್ಸ್ ಹುಚ್ಚ | ಅಕ್ಟೋಬರ್ 18, 2017

ಜಾರ್ಜ್ ಬಂದಂತೆ ಇವನೂ ಬರುತ್ತಾನೆ ಬಿಡಿ. (ಜಾರ್ಜ್ ಈಗ ಪೇಸರ್ಸ್ ಬಿಟ್ಟು ಒಕ್ಲಹೋಮಾ ತಂಡದಲ್ಲಿ. ಆ ಸಿಟ್ಟು ಬೇರೆ ಕಡೆ ತೀರಿಸಿಕೊಳ್ಳುತ್ತೇನೆ.)

ಮೂಳೆ ಮಾತು | ಅಕ್ಟೋಬರ್ 19, 2017

ಬರುತ್ತಾನೆ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಮೊದಲ ದಿನ ನಾನು ಹೇಳಿದ್ದು ನೆನಪಿದೆಯಾ? ಹೇವರ್ಡ್‌ಗೆ ಟಿಬಿಯಾ ಮುರಿದಿರುವುದರ ಜೊತೆಗೆ ಪಾದದ ಕೀಲೇ ಜಾರಿದೆ. ಕೀಲಿನ ಸುತ್ತ ಹಗ್ಗದಂಥ ಅಸ್ಥಿರಜ್ಜುಗಳಿವೆ, ಒಳಗೆ ಆ ಮೆತ್ತನೆಯ ಪದರ ಇದೆ. ಹಾರುವಾಗ, ಇಳಿಯುವಾಗ, ತಿರುಗುವಾಗ ಕೆಲಸ ಮಾಡುವುದೇ ಅದು. ಕ್ಯಾಮೆರಾದಲ್ಲಿ ಇಬ್ಬರ ಗಾಯವೂ ಒಂದೇ ಥರ ಕಂಡಿತು. ಒಳಗೆ ಬೇರೆ. ಅವನಿಗೆ ಒಂದು ವರ್ಷ ಕೊಡಿ, ಆಮೇಲೆ ಇನ್ನೊಂದು ವರ್ಷ ಕೊಡಿ. ಪ್ರತಿ ಪಂದ್ಯದ ಮರುದಿನ ಜಾರ್ಜ್ ಜೊತೆ ಹೋಲಿಸಿ ಬೈಯಬೇಡಿ.

ನೀಲಿ ಜೆರ್ಸಿ | ಅಕ್ಟೋಬರ್ 19, 2017

ಈ ಸಲ ನಾನು ಏನೂ ಹೇಳುವುದಿಲ್ಲ ಡಾಕ್ಟ್ರೇ.

ಬೆಂಚ್ ನಂ. 12 | ಫೆಬ್ರವರಿ 23, 2019

ಯೂಟಾ ಎದುರು ಎರಡು ಓವರ್‌ಟೈಮ್, 148-147. ಕೊನೆಯ ಸೆಕೆಂಡಿನಲ್ಲಿ ಜಾರ್ಜ್ ನುಗ್ಗಿ, ಯೂಟಾದ ಗೋಬೇರ್ ಕೈಯ ಮೇಲಿಂದ ತೇಲಿಸಿ ಹಾಕಿ ಗೆಲ್ಲಿಸಿದ. 45 ಪಾಯಿಂಟ್. ಮೊನ್ನೆ ಪೋರ್ಟ್‌ಲ್ಯಾಂಡ್ ಎದುರು 47. ಎಂವಿಪಿ (ಸೀಸನ್‌ನ ಶ್ರೇಷ್ಠ ಆಟಗಾರ) ಪಟ್ಟಿಯಲ್ಲಿ ಇವನ ಹೆಸರು ಓಡುತ್ತಿದೆ. ಜೊತೆಗೆ ನೋಡುತ್ತಿದ್ದ ಹುಡುಗನಿಗೆ ಇವನ ಕಾಲು ಒಂದು ಸಲ ಮುರಿದಿತ್ತು ಎಂದೆ. ನಂಬಲಿಲ್ಲ. ಯಾವ ಕಾಲು ಎಂದ. ನನಗೆ ತಟ್ಟನೆ ಹೊಳೆಯಲಿಲ್ಲ. ಎಡನಾ, ಬಲನಾ?

ಅರ್ಧ ಅಂಗಳ | ಫೆಬ್ರವರಿ 23, 2019

ಬಲ. ನಾನೂ ಮೇಲೆ ಹೋಗಿ ನನ್ನದೇ ಬರಹ ನೋಡಿ ಹೇಳುತ್ತಿದ್ದೇನೆ.